ರೋಜ್ ವಾಲಾಂ ಬಗ್ಗೆ ಮಕ್ಕಳಿಗೆ ನಾಟುವ ಹಾಗೆ ಏನು ಹೇಳಿಸಲಿ?

ಮದ್ದೂರು ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಭಾಷಣ ಸ್ಪರ್ಧೆಗೆ ರೋಜ್ ವಾಲಾಂ ಬಗ್ಗೆಯೇ ಮಾತಾಡ್ತೀನಿ ಅಂತ ಹಟ ಹಿಡಿದಿದ್ದಾಳೆ. ಎರಡನೇ ಮಹಾಯುದ್ಧದಲ್ಲಿ ಪ್ಯಾರಿಸ್ಸಿನ ಜ್ಯು ದ ಪೋಮ್ ಮ್ಯೂಸಿಯಂನಲ್ಲಿದ್ದು, ನಾಜಿಗಳು ದೋಚಿದ ಚಿತ್ರಗಳ ಪಟ್ಟಿಯನ್ನ ಗುಟ್ಟಾಗಿ ಬರೆದಿಟ್ಟಾಕೆ. ಸ್ಟಾಫ್ ರೂಮಿನಲ್ಲಿ “ಪಟ್ಟಿ ಬರೆದದ್ದು ಬಿಟ್ಟರೆ ಆಯಮ್ಮ ಇನ್ನೇನು ಮಾಡಿದ್ರು? ಓಬವ್ವನ ಮೇಲೆ ಮಾತಾಡಿಸಿ, ಚಪ್ಪಾಳೆ ಗ್ಯಾರಂಟಿ” ಅಂತಾರೆ. ಇರೋದು ಐದೇ ನಿಮಿಷ. ಏನು ಮಾಡೋದು?

ಕುವೆಂಪುನಗರದ ಅಜ್ಜಿ:
ಮೇಷ್ಟ್ರೇ, ಹಾಗಂದವರನ್ನ ಒಂದು ದಿನ ನನ್ನ ಹಳೇ ಮೇಜಿನ ಮುಂದೆ ಕೂರಿಸಬೇಕಿತ್ತು. ಮೈಸೂರಲ್ಲಿ ಓಲೆಗರಿ ಕಟ್ಟುಗಳಿಗೆ ಪಟ್ಟಿ ಬರೆದೇ ರಿಟೈರ್ ಆದವಳು ನಾನು. ಗರಿ ಒರೆಸಿ, ಮಜ್ಜಿಗೆಹುಲ್ಲಿನ ಎಣ್ಣೆ ಸವರಿ, ಮಸಿ ತಿಕ್ಕಿ ಅಕ್ಷರ ಎದ್ದ ಮೇಲೆ ಗರಿ ಎಷ್ಟು, ಸಾಲು ಎಷ್ಟು, ಯಾರ ಮನೆಯಿಂದ ಬಂತು ಅಂತ ರಿಜಿಸ್ಟರಿಗೆ ಹತ್ತಿಸಬೇಕು. ಆ ಕೊನೇ ಕಾಲಂ ಖಾಲಿ ಬಿಟ್ಟರೆ ಕಟ್ಟು ಅನಾಥ. ರೋಜ್ ವಾಲಾಂ ಕಾಪಾಡಿದ್ದೂ ಆ ಕಾಲಂ ಅನ್ನೇ.

1940ರಲ್ಲಿ ನಾಜಿಗಳು ಆ ಮ್ಯೂಸಿಯಂ ಅನ್ನ ಯಹೂದಿಗಳ ಮನೆಗಳಿಂದ ದೋಚಿದ ಚಿತ್ರಗಳ ಗೋದಾಮು ಮಾಡ್ಕೊಂಡ್ರು. ಹಿಟ್ಲರನ ಬಲಗೈ ಗೋರಿಂಗ್ ಖುದ್ದು ಬಂದು ತನಗೆ ಬೇಕಾದ್ದನ್ನ ಆರಿಸ್ಕೊಂಡು ಹೋಗ್ತಿದ್ದ. ಈಯಮ್ಮನಿಗೆ ಜರ್ಮನ್ ಬರುತ್ತೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಕಿವಿಗೆ ಬಿದ್ದದ್ದು, ಕಸದಬುಟ್ಟಿಯ ಕಾರ್ಬನ್ ಹಾಳೆಯಲ್ಲಿ ಸಿಕ್ಕಿದ್ದು, ಎಲ್ಲ ಬರೆದಿಟ್ಟರು: ಯಾವ ಚಿತ್ರ, ಯಾರದ್ದು, ಯಾವ ಪೆಟ್ಟಿಗೆಯಲ್ಲಿ ಯಾವ ಊರಿಗೆ ಹೋಯ್ತು. ಸಿಕ್ಕಿಬಿದ್ದಿದ್ದರೆ ಜೀವ ಉಳೀತಿರಲಿಲ್ಲ. ನಾಲ್ಕು ವರ್ಷ ಹೀಗೆ! ಅದಕ್ಕೂ ಮುಂಚೆ ಅದೇ ಮ್ಯೂಸಿಯಂನಲ್ಲಿ ವರ್ಷಗಟ್ಟಲೆ ಸಂಬಳವಿಲ್ಲದೆ ದುಡಿದಿದ್ದರು. ಇದನ್ನ ಹುಡುಗಿ ಮರೀದೆ ಹೇಳಲಿ.

ಸಿನಿಮಾ ಥರ ಬೇಕಂದ್ರೆ 1944ರ ಆಗಸ್ಟ್ ತಿಂಗಳ ರೈಲು ಇದೆ. 148 ಪೆಟ್ಟಿಗೆ ಚಿತ್ರ ಜರ್ಮನಿಗೆ ಹೊರಟಿವೆ ಅಂತ ಈಯಮ್ಮ ಸುಳಿವು ಕೊಟ್ಟರು. ರೈಲ್ವೆಯವರು ಒಂದಲ್ಲ ಒಂದು ನೆಪ ತೆಗೆದು ಪ್ಯಾರಿಸ್ ಪಕ್ಕದಲ್ಲೇ ತಡೆದು ನಿಲ್ಲಿಸಿದರು. ಕೊನೆಗೆ ಆ ರೈಲು ಹಿಡಿದ ಫ್ರೆಂಚ್ ಅಧಿಕಾರಿ ಅಲೆಕ್ಸಾಂಡ್ರ್ ರೋಸೆನ್‌ಬರ್ಗ್‌ಗೆ ಪೆಟ್ಟಿಗೆಗಳಲ್ಲಿ ಸಿಕ್ಕಿದ್ದು ತನ್ನಪ್ಪನಿಂದ ದೋಚಿದ್ದ ಚಿತ್ರಗಳು!

ಯುದ್ಧ ಮುಗಿದ ಮೇಲೆ ಕ್ಯಾಪ್ಟನ್ ಸಮವಸ್ತ್ರ ತೊಟ್ಟು ಜರ್ಮನಿಗೇ ಹೋಗಿ ಹುಡುಕಿದರು. ಸುಮಾರು 60,000 ವಸ್ತು ಫ್ರಾನ್ಸಿಗೆ ವಾಪಸ್ ಬಂದವು.

ಪಟ್ಟಣದ ಹೈದ:
ನಮ್ಮೂರ ಅಲಮೇಲಮ್ಮನ್ನೂ ಸೇರಿಸಿ ಸಾ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ತಗೊಂಡಾಗ, ರಂಗನಾಯಕಿ ದೇವಿ ಒಡವೆ ಕೊಡಾಕಿಲ್ಲ ಅಂತ ಕಟ್ಕೊಂಡು ಮಾಲಂಗಿ ಮಡುವಿಗೆ ಹಾರ್ಕೊಂಡ್ಲಂತೆ.

ಕುವೆಂಪುನಗರದ ಅಜ್ಜಿ:
ಕಥೆ ಚೆನ್ನಾಗಿದೆ ಕಣಪ್ಪ, ಆದರೆ ಒಡವೆ ಹೊಳೆಪಾಲಾಯ್ತಲ್ಲ! ನಿಮ್ಮೂರಿಂದಲೇ ಬೇಕು ಅಂದ್ರೆ 1799 ತಗೋ. ಟಿಪ್ಪು ಪುಸ್ತಕಭಂಡಾರ ಇಂಗ್ಲಿಷರ ಕೈಸೇರಿತು. ಚಾರ್ಲ್ಸ್ ಸ್ಟುವರ್ಟ್ ಅದರ ಕ್ಯಾಟಲಾಗ್ ಅಚ್ಚು ಹಾಕಿಸಿದ್ದು 1809ರಲ್ಲಿ. ಅಂದ್ರೆ ಪಟ್ಟಿ ಬರೆದದ್ದೂ ಗೆದ್ದವರ ಕಡೆಯವರೇ. ಕೋಟೆಯೊಳಗೆ ನಮ್ಮ ಹೆಂಗಸೊಬ್ಬಳು ಗುಟ್ಟಾಗಿ ಕೂತು ಬರೆದಿದ್ದರೆ, ಸಿಪಾಯಿಗಳ ಜೇಬು ಸೇರಿದ್ದಕ್ಕೂ ಲೆಕ್ಕ ಸಿಗ್ತಿತ್ತೇನೋ.

ಮದ್ದೂರು ಮೇಷ್ಟ್ರು:
ಅಮ್ಮಾ, ಇದನ್ನೆಲ್ಲ ಹುಡುಗಿಗೆ ಓದಿ ಹೇಳಿದೆ. ರೈಲಿಗಿಂತ ಕಸದಬುಟ್ಟಿನೇ ಹಿಡಿಸಿದೆಯಂತೆ, ಅಲ್ಲಿಂದ ಶುರು ಮಾಡ್ತಾಳಂತೆ. ಮ್ಯೂಸಿಯಂ ಹೆಸರೊಂದು ನಾಲಿಗೆಗೆ ಹೊರಳ್ತಿಲ್ಲ, ಸೋಮವಾರದೊಳಗೆ ಬಾಯಿಪಾಠ ಮಾಡಿಸ್ತೀನಿ.