ಸಹಾಯ ಬೇಕು: ಸರಾಸರಿಯಲ್ಲಿ ಶಿಕ್ಷಕರು ಸಾಕು, ತರಗತಿಯಲ್ಲಿ ಕೊರತೆ – ಮನವಿ ಬರೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಒಂದರಿಂದ ಏಳನೇ ತರಗತಿವರೆಗೆ 94 ಮಕ್ಕಳಿದ್ದು, ದಾಖಲೆಯಲ್ಲಿ ನಾಲ್ವರು ಶಿಕ್ಷಕರಿರುವುದರಿಂದ, ಒಬ್ಬ ಶಿಕ್ಷಕರಿಗೆ ಸರಾಸರಿ 24 ಮಕ್ಕಳೂ ಬರುವುದಿಲ್ಲವೆಂದು ಹೆಚ್ಚಿನ ಶಿಕ್ಷಕರಿಗಾಗಿ ನಾವು ಮಾಡಿದ ಮೌಖಿಕ ಕೋರಿಕೆಯನ್ನು ಕಚೇರಿಯಲ್ಲಿ ತಳ್ಳಿಹಾಕಲಾಗಿದೆ.

ವಾಸ್ತವದಲ್ಲಿ ಒಬ್ಬರು ಬೇರೆ ಶಾಲೆಗೆ ನಿಯೋಜನೆಗೊಂಡಿದ್ದಾರೆ; ಪ್ರಭಾರ ಮುಖ್ಯ ಶಿಕ್ಷಕರಿಗೆ ಬಿಸಿಯೂಟದ ಲೆಕ್ಕ ಮತ್ತು ಸಭೆಗಳಲ್ಲೇ ದಿನ ಕಳೆಯುತ್ತದೆ. ಆರು ಮತ್ತು ಏಳನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಅಲ್ಲಿ ಪಾಠ ಮಾಡುವ ಶಿಕ್ಷಕಿ ಕರಿಹಲಗೆಯ ನಡುವೆ ಸೀಮೆಸುಣ್ಣದ ಗೆರೆ ಎಳೆದು, ಎಡಕ್ಕೆ ಒಂದು ತರಗತಿಯ ಗಣಿತ, ಬಲಕ್ಕೆ ಇನ್ನೊಂದರ ಸಮಾಜ ವಿಜ್ಞಾನ ಬರೆಯುತ್ತಾರೆ. (ಆ ಶಿಕ್ಷಕಿಯ ತಾಳ್ಮೆಗೆ ಕೈಮುಗಿಯಬೇಕು.)

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ಓದಿದಾಗ, ಒಂದರಿಂದ ಐದನೇ ತರಗತಿವರೆಗೆ 61ರಿಂದ 90 ಮಕ್ಕಳಿದ್ದರೆ ಮೂವರು ಶಿಕ್ಷಕರಿರಬೇಕೆಂದೂ, ಆರರಿಂದ ಎಂಟರವರೆಗೆ ತರಗತಿಗೆ ಕನಿಷ್ಠ ಒಬ್ಬರಂತೆ, 35 ಮಕ್ಕಳಿಗೆ ಒಬ್ಬರಾದರೂ ಇರಬೇಕೆಂದೂ ತಿಳಿಯಿತು. ನಮ್ಮಲ್ಲಿ ಐದರವರೆಗೆ 66, ಮೇಲೆ 28 ಮಕ್ಕಳಿದ್ದಾರೆ. ಹಾಗಾದರೆ ಕನಿಷ್ಠ ಐವರು ಬೇಕಲ್ಲವೇ?

ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ಮನವಿ ಕೊಡಲಿದ್ದೇವೆ. ನಿಯೋಜನೆ ರದ್ದತಿಯನ್ನು ಮೊದಲು ಕೇಳಬೇಕೋ, ಅತಿಥಿ ಶಿಕ್ಷಕರನ್ನೋ? ಎಸ್‌ಡಿಎಂಸಿ ನಡಾವಳಿಯ ಜೊತೆಗೆ ತರಗತಿವಾರು ಹಾಜರಾತಿ, ವೇಳಾಪಟ್ಟಿಗಳನ್ನೂ ಲಗತ್ತಿಸಬೇಕೇ? ಇಂಥ ಮನವಿಯಿಂದ ಶಿಕ್ಷಕರನ್ನು ಪಡೆದ ಶಾಲೆಯವರು ತಮ್ಮ ಪತ್ರದ ಮಾದರಿಯನ್ನು ಹಂಚಿಕೊಂಡರೆ ಉಪಕಾರವಾಗುತ್ತದೆ.