ನಾರು ಹೆಚ್ಚಿಸಿದ ಮೇಲೆ ಹೊಟ್ಟೆ ಉಬ್ಬರ ಹೆಚ್ಚಾಯಿತು: ಯಾವುದು ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂದು ತಿಳಿಯುವುದು ಹೇಗೆ?

ರೈಲು ಪ್ರಯಾಣಿಕ, ತುಮಕೂರು

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಒಂಬತ್ತು ವರ್ಷಗಳಿಂದ ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿ ಬರುತ್ತಿದ್ದೇನೆ. ಎದ್ದ ಕೂಡಲೇ ಸ್ನಾನ ಮುಗಿಸಿ ಓಡಬೇಕಾದ್ದರಿಂದ, ಶೌಚಕ್ಕೆ ಹೋಗಬೇಕೆನ್ನಿಸುವ ಹೊತ್ತಿಗೆ ಗಾಡಿ ಕ್ಯಾತ್ಸಂದ್ರ ದಾಟಿರುತ್ತದೆ, ತಡೆದುಕೊಳ್ಳುವುದೇ ಅಭ್ಯಾಸವಾಗಿಬಿಟ್ಟಿದೆ. ಮೂರು ನಾಲ್ಕು ವರ್ಷಗಳಿಂದ ಮಲಬದ್ಧತೆ ಇದೆ. ಮೂರು ದಿನಕ್ಕೊಮ್ಮೆ ಹೊಟ್ಟೆ ಖಾಲಿಯಾದರೆ ಅದೇ ಪುಣ್ಯ. ವೈದ್ಯರಿಗೆ ತೋರಿಸಿದೆ, ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಸೇರಿದಂತೆ ಯಾವ ದೋಷವೂ ಕಾಣಲಿಲ್ಲ. "ನಾರಿನಂಶ ಹೆಚ್ಚಿಸಿ" ಎಂಬ ಒಂದು ಮಾತನ್ನು ಹೊತ್ತುಕೊಂಡು ಹೊರಗೆ ಬಂದೆ.

ಆ ಮಾತನ್ನು ನಾನು ತುಸು ಅತಿಯಾಗಿಯೇ ಪಾಲಿಸಿದೆನೆಂದು ಕಾಣುತ್ತದೆ. ಒಂದೇ ವಾರದಲ್ಲಿ ರಾತ್ರಿ ಎರಡು ಚಮಚ ಇಸಬ್‌ಗೋಲ್, ಮಜ್ಜಿಗೆಗೆ ಅಗಸೆ ಬೀಜದ ಪುಡಿ, ಅಕ್ಕಿಯ ಬದಲು ನವಣೆ ಅನ್ನ, ಬೆಳಿಗ್ಗೆ ಒಂದು ಬಟ್ಟಲು ಹಸಿ ಹುರುಳಿ ಮೊಳಕೆ, ಸಂಜೆ ಎರಡು ಸೀಬೆಹಣ್ಣು, ಎಲ್ಲವನ್ನೂ ಆರಂಭಿಸಿದೆ. ಐದನೆಯ ದಿನಕ್ಕೆ ಹೊಟ್ಟೆ ತಮಟೆಯಂತೆ ಬಿಗಿಯಿತು. ಮಲವಿಸರ್ಜನೆ ಕೊಂಚ ಸಲೀಸಾದದ್ದು ನಿಜ, ಆದರೆ ತುಂಬಿದ ಬೋಗಿಯಲ್ಲಿ ವಾಯುವಿನ ಬಾಧೆಯನ್ನು ಹಿಡಿದುಕೊಂಡು ಒಂದೂವರೆ ಗಂಟೆ ಕೂರುವುದು ಎಂತಹ ಶಿಕ್ಷೆ ಎಂಬುದನ್ನು ಅನುಭವಿಸಿದವರೇ ಬಲ್ಲರು. ಹತ್ತನೆಯ ದಿನ ಎಲ್ಲವನ್ನೂ ಬಿಟ್ಟೆ. ಈಗ ಮತ್ತೆ ಮೊದಲಿನ ಸ್ಥಿತಿ.

ಕೊರಟಗೆರೆ ಕಡೆಯ ನಮ್ಮ ಹಳ್ಳಿಯಲ್ಲಿ ತಂದೆಯವರು ಎರಡು ಹೊತ್ತೂ ಮುದ್ದೆ ಉಂಡರು, ಈ ದೂರನ್ನು ಎಂದೂ ಹೇಳಿದವರಲ್ಲ. ನಾನು ಮುದ್ದೆ ಉಣ್ಣುವುದು ಭಾನುವಾರ ಮಾತ್ರ, ಆ ದಿನ ಹೊಟ್ಟೆಯೂ ಹಗುರವಾಗಿರುತ್ತದೆ. ನನ್ನ ಪ್ರಶ್ನೆ ಇಷ್ಟೇ: ನಾರು ನನ್ನ ದೇಹಕ್ಕೆ ಒಗ್ಗುವುದಿಲ್ಲವೇ, ಅಥವಾ ಆ ಐದರಲ್ಲಿ ಯಾವುದೋ ಒಂದು ಮಾತ್ರ ಒಗ್ಗುತ್ತಿಲ್ಲವೇ? ಅದನ್ನು ಮನೆಯಲ್ಲೇ ಕಂಡುಕೊಳ್ಳುವ ಕ್ರಮವೇನು?

ನಿವೃತ್ತ ಮೇಷ್ಟ್ರು, ಮುಳಬಾಗಿಲು

ಸ್ವಾಮಿ, ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವನು ನಾನು. ಐದು ದ್ರಾವಣಗಳನ್ನು ಒಂದೇ ಪ್ರನಾಳಕ್ಕೆ ಸುರಿದು, ಬಣ್ಣ ಬದಲಾಯಿತು, ಕಾರಣ ಯಾವುದು ಎಂದು ಕೇಳಿದ ಹುಡುಗನನ್ನು ಹೊರಗೆ ನಿಲ್ಲಿಸುತ್ತಿದ್ದೆ. ನಿಮ್ಮನ್ನು ನಿಲ್ಲಿಸುವುದಿಲ್ಲ, ಏಕೆಂದರೆ ಇದೇ ತಪ್ಪನ್ನು ನಿವೃತ್ತಿಯಾದ ವರ್ಷ ನಾನೂ ಮಾಡಿದ್ದೇನೆ.

ಮೊದಲು ಎರಡು ವಾರ ಏನನ್ನೂ ಬದಲಿಸದೆ ಬರೆಯಿರಿ. ನೂರು ಪುಟದ ಒಂದು ನೋಟ್‌ಬುಕ್ ಸಾಕು. ಏನು ಉಂಡಿರಿ, ಎಷ್ಟು ಹೊತ್ತಿಗೆ ಉಂಡಿರಿ, ಎಷ್ಟು ನಡೆದಿರಿ, ಯಾವ ಮಾತ್ರೆ ನುಂಗಿದಿರಿ, ಉಬ್ಬರ ಸೊನ್ನೆಯಿಂದ ಹತ್ತರೊಳಗೆ ಎಷ್ಟು, ಇವೆಲ್ಲ ಅದರಲ್ಲಿರಲಿ. ಮಲದ ಸ್ವರೂಪವನ್ನು ಬರೆಯಲು ಸಂಕೋಚ ಬೇಡ. ಅದಕ್ಕೆಂದೇ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಅಳತೆಪಟ್ಟಿಯೊಂದಿದೆ. ಬಿಡಿಬಿಡಿಯಾದ ಗಟ್ಟಿ ಉಂಡೆಗಳಿಗೆ 1, ನೀರಿನಂತಿರುವುದಕ್ಕೆ 7. ಮೂರು ನಾಲ್ಕರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. "ಇವತ್ತು ಪರವಾಗಿಲ್ಲ" ಎಂದು ಬರೆಯುವುದಕ್ಕಿಂತ ಒಂದು ಅಂಕಿ ಬರೆಯುವುದು ಲೇಸು, ಏಕೆಂದರೆ ತಿಂಗಳ ನಂತರ "ಪರವಾಗಿಲ್ಲ" ಎಂಬುದಕ್ಕೆ ಏನು ಅರ್ಥವಿತ್ತೆಂದು ನಿಮಗೇ ನೆನಪಿರುವುದಿಲ್ಲ.

ಆಮೇಲೆ ಒಂದನ್ನು ಮಾತ್ರ ಸೇರಿಸಿ ಎರಡು ವಾರ ನೋಡಿ. ಗುಣ ಕಂಡರೆ ಅದನ್ನು ಒಂದು ವಾರ ನಿಲ್ಲಿಸಿ, ಮತ್ತೆ ಆರಂಭಿಸಿ. ಈ ನಿಲ್ಲಿಸುವ ಭಾಗವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ನಾವು ಚಿಕಿತ್ಸೆ ಹುಡುಕುವುದು ತೊಂದರೆ ತೀರ ಹೆಚ್ಚಾದಾಗ. ಹೆಚ್ಚಾದದ್ದು ಏನೂ ಮಾಡದಿದ್ದರೂ ಸ್ವಲ್ಪ ತಗ್ಗುತ್ತದೆ. ತಗ್ಗಿದ ಕೀರ್ತಿ ಆ ವಾರ ತಿಂದ ಪದಾರ್ಥಕ್ಕೆ ಹೋಗುತ್ತದೆ. ನಿಲ್ಲಿಸಿ ನೋಡಿದರೆ ಮಾತ್ರ ಆ ಕೀರ್ತಿ ಅದಕ್ಕೆ ಸಲ್ಲಬೇಕೇ ಎಂಬುದು ತಿಳಿಯುತ್ತದೆ.

ನನ್ನ ವಿಷಯದಲ್ಲಿ ಅವರೆಕಾಳೇ ಅಪರಾಧಿಯೆಂದು ನಂಬಿ ಒಂದು ಇಡೀ ಸೊಗಡವರೆ ಕಾಲವನ್ನು ಬಾಯಿ ಕಟ್ಟಿ ಕಳೆದೆ. ಕೋಲಾರ ಜಿಲ್ಲೆಯವನಿಗೆ ಅದೆಂಥ ನಷ್ಟವೆಂದು ಹೇಳಬೇಕಾಗಿಲ್ಲ. ನೋಟ್‌ಬುಕ್ ತಿರುವಿದಾಗ ಕಂಡದ್ದು ಬೇರೆ: ಮಂಡಿನೋವಿಗೆಂದು ಕ್ಯಾಲ್ಸಿಯಂ ಮಾತ್ರೆ ಆರಂಭಿಸಿದ ವಾರದಿಂದಲೇ ನನ್ನ ಅಂಕಿ ನಾಲ್ಕರಿಂದ ಎರಡಕ್ಕೆ ಇಳಿದಿತ್ತು. ವೈದ್ಯರಿಗೆ ಆ ಪುಟವನ್ನು ತೋರಿಸಿದೆ, ಅವರು ಮಾತ್ರೆಯನ್ನು ಬದಲಿಸಿದರು. ಕಬ್ಬಿಣಾಂಶದ ಮಾತ್ರೆಯೂ ಹಾಗೆಯೇ ಹೊಟ್ಟೆ ಕಟ್ಟಿಸುತ್ತದೆ. ಆದ್ದರಿಂದ ಮಾತ್ರೆಗಳ ಕಾಲಂ ಅನ್ನು ಖಾಲಿ ಬಿಡಬೇಡಿ.

ಆಹಾರ ಸಲಹೆಗಾರ್ತಿ, ಚಿಕ್ಕಬಳ್ಳಾಪುರ

ಮೇಷ್ಟ್ರು ಹೇಳಿದ ಕ್ರಮ ಸರಿಯಾಗಿದೆ. ಅದರೊಳಗೆ ಏನನ್ನು ಮೊದಲು ಪರೀಕ್ಷಿಸಬೇಕು ಎಂಬುದನ್ನು ನಾನು ಹೇಳುತ್ತೇನೆ, ಏಕೆಂದರೆ ನಾರು ಎಂಬುದು ಒಂದೇ ವಸ್ತುವಲ್ಲ.

ನೀರಿನಲ್ಲಿ ಕರಗದ ನಾರು, ಅಂದರೆ ರಾಗಿಯ ತೌಡು, ಸೊಪ್ಪಿನ ದಂಟು, ಕಾಳಿನ ಸಿಪ್ಪೆ ಮುಂತಾದವುಗಳಲ್ಲಿ ಹೆಚ್ಚಾಗಿರುವುದು, ಮಲದ ಗಾತ್ರವನ್ನು ಹೆಚ್ಚಿಸಿ ಮುಂದಕ್ಕೆ ತಳ್ಳುತ್ತದೆ. ಕರಗುವ ನಾರು ನೀರನ್ನು ಹೀರಿ ಮೆತ್ತಗಾಗುತ್ತದೆ. ಕರಗುವವುಗಳಲ್ಲಿ ಬಹುಪಾಲನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ, ಬ್ಯುಟಿರೇಟ್‌ನಂತಹ ಕೊಬ್ಬಿನಾಮ್ಲಗಳನ್ನು ಉತ್ಪತ್ತಿ ಮಾಡುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ಆ ಹುದುಗಿನಲ್ಲೇ ಅನಿಲವೂ ಹುಟ್ಟುತ್ತದೆ. ಇಸಬ್‌ಗೋಲ್ ಇದಕ್ಕೆ ಒಂದು ಅಪವಾದ: ಅದು ಲೋಳೆಯಾಗುತ್ತದೆ, ಆದರೆ ಹೆಚ್ಚು ಹುದುಗುವುದಿಲ್ಲ. ಹಾಗಾಗಿ ನಿಮ್ಮ ಐದರಲ್ಲಿ ಅದರ ಮೇಲೆ ನನಗೆ ಅನುಮಾನ ಕಡಿಮೆ, ಹಸಿ ಹುರುಳಿ ಮೊಳಕೆಯ ಮೇಲೆ ಹೆಚ್ಚು. ಕಾಳುಗಳಲ್ಲಿ ನಾರಿನ ಜೊತೆಗೆ ರಾಫಿನೋಸ್ ಗುಂಪಿನ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿಲ್ಲದ ಕಾರಣ ಅವು ಇಡಿಯಾಗಿ ಬ್ಯಾಕ್ಟೀರಿಯಾಗಳ ಪಾಲಾಗುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿ ಫ್ರಕ್ಟಾನ್ ಎಂಬ ಇನ್ನೊಂದು ಬಗೆಯಿದೆ. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು ಇಂತಹವನ್ನೆಲ್ಲ ಒಟ್ಟಿಗೆ ಫಾಡ್‌ಮ್ಯಾಪ್ ಎಂದು ಕರೆದು, ಕೆಲವು ವಾರ ಬಿಟ್ಟು ಒಂದೊಂದಾಗಿ ಮರಳಿ ಸೇರಿಸುವ ಪದ್ಧತಿಯನ್ನು ರೂಪಿಸಿದ್ದಾರೆ. ಬಿಡುವುದನ್ನು ಮಾತ್ರ ಮಾಡಿ ಮರಳಿ ಸೇರಿಸದೆ ವರ್ಷಗಟ್ಟಲೆ ಇರುವವರನ್ನು ನೋಡಿದ್ದೇನೆ. ಅದು ತಪ್ಪು, ಕರುಳಿನ ಬ್ಯಾಕ್ಟೀರಿಯಾಗಳಿಗೂ ಒಳ್ಳೆಯದಲ್ಲ.

ಪ್ರಮಾಣದ ಮಾತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನ ಪ್ರಕಾರ 2000 ಕ್ಯಾಲೊರಿ ಆಹಾರದಲ್ಲಿ ಸುಮಾರು 30 ಗ್ರಾಂ ನಾರಿರಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರಕ್ಕಿಂತ ಕಡಿಮೆ, ಸೀಬೆಹಣ್ಣಿನಲ್ಲಿ ಎಂಟಕ್ಕೂ ಹೆಚ್ಚು. ಎರಡು ಹೊತ್ತು ಅನ್ನ ಉಣ್ಣುತ್ತಿದ್ದ ನೀವು ಒಂದೇ ವಾರದಲ್ಲಿ ದಿನಕ್ಕೆ 25 ಗ್ರಾಂ ಆದರೂ ಹೆಚ್ಚಿಸಿಕೊಂಡಿದ್ದೀರಿ ಎಂಬುದು ನನ್ನ ಅಂದಾಜು. ಯಾರ ಹೊಟ್ಟೆಯಾದರೂ ಉಬ್ಬುತ್ತಿತ್ತು. ವಾರಕ್ಕೆ ಐದು ಗ್ರಾಂ ಮೀರದಂತೆ ಏರಿಸಿ. ಇಸಬ್‌ಗೋಲನ್ನು ಒಂದು ದೊಡ್ಡ ಲೋಟ ನೀರಿನಲ್ಲಿ ಕಲಸಿದ ಕೂಡಲೇ ಕುಡಿಯಬೇಕು, ಒಣಗಿದ್ದನ್ನು ಎಂದಿಗೂ ನುಂಗಬಾರದು. ಬೇರೆ ಮಾತ್ರೆಗಳಿದ್ದರೆ ಅವುಗಳಿಂದ ಎರಡು ಗಂಟೆಯಾದರೂ ದೂರವಿಡಿ.

ನವಣೆಯ ಪೊಟ್ಟಣವನ್ನೂ ಒಮ್ಮೆ ನೋಡಿಕೊಳ್ಳಿ. ಅಂಗಡಿಯಲ್ಲಿ ಬೆಳ್ಳಗೆ ಹೊಳೆಯುವ ಸಿರಿಧಾನ್ಯವೆಂದರೆ ತೌಡು ಹೋಗಿದೆ ಎಂದೇ ಅರ್ಥ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ನೋವು, ಇವುಗಳಲ್ಲಿ ಒಂದಿದ್ದರೂ ನೋಟ್‌ಬುಕ್ ಮುಚ್ಚಿಟ್ಟು ವೈದ್ಯರ ಬಳಿ ಹೋಗಬೇಕು. ಶೌಚಕ್ಕೆ ಕುಳಿತಾಗ ತಿಣುಕುವುದು ಹೆಚ್ಚಿದ್ದು, ನಾರು ಹೆಚ್ಚಿಸಿದಷ್ಟೂ ತೊಂದರೆ ಹೆಚ್ಚುತ್ತಿದ್ದರೂ ಹಾಗೆಯೇ. ಕೆಲವರಲ್ಲಿ ದೋಷವಿರುವುದು ಗುದದ್ವಾರದ ಸ್ನಾಯುಗಳು ಸಡಿಲವಾಗುವ ಕ್ರಮದಲ್ಲಿ, ಆಹಾರದಲ್ಲಲ್ಲ. ಗೋಧಿಯ ಮೇಲೆ ಅನುಮಾನವಿದ್ದರೆ, ಬಿಡುವ ಮೊದಲೇ ಸೀಲಿಯಾಕ್ (ಗೋಧಿಯ ಗ್ಲುಟೆನ್ ಒಗ್ಗದ ಕಾಯಿಲೆ) ರಕ್ತಪರೀಕ್ಷೆ ಮಾಡಿಸಿ. ಬಿಟ್ಟ ಮೇಲೆ ಮಾಡಿಸಿದರೆ ಆ ಪರೀಕ್ಷೆ ಏನನ್ನೂ ತೋರಿಸದೆ ಹೋಗಬಹುದು.

ಅಡುಗೆಮನೆಯಿಂದ, ಮಧುಗಿರಿ

ಮೇಡಂ ಹೇಳಿದ ಸಕ್ಕರೆಗಳ ಹೆಸರು ನನಗೆ ಗೊತ್ತಿರಲಿಲ್ಲ, ಆದರೆ ಅವು ನೀರಿಗೆ ಬಿಟ್ಟುಕೊಳ್ಳುತ್ತವೆ ಎಂಬುದು ನಮ್ಮ ಅತ್ತೆಯವರಿಗೆ ಗೊತ್ತಿತ್ತೆಂದು ಈಗ ಅನ್ನಿಸುತ್ತಿದೆ. ಹುರುಳಿ, ಅಲಸಂದೆ ಯಾವುದನ್ನೇ ನೆನೆಸಿದರೂ ಆ ನೀರನ್ನು ಅವರು ಅಡುಗೆಗೆ ಬಳಸುತ್ತಿರಲಿಲ್ಲ, ಎಮ್ಮೆಯ ಕಲಗಚ್ಚಿಗೆ ಸುರಿಯುತ್ತಿದ್ದರು.

ಬಸ್ಸಾರಿನ ವಿಷಯದಲ್ಲಿ ಇದನ್ನು ಗಮನಿಸಿ, ಸರ್. ಕಾಳು ಮತ್ತು ಸೊಪ್ಪನ್ನು ಬೇಯಿಸಿ ಬಸಿದಾಗ, ನಾರಿನ ಹೆಚ್ಚಿನ ಭಾಗ ಪಲ್ಯಕ್ಕೆ ಹೋಗುತ್ತದೆ, ಕರಗಿದ್ದು ಕಟ್ಟಿಗೆ, ಅಂದರೆ ಬಸಿದ ನೀರಿಗೆ, ಹೋಗುತ್ತದೆ. ನಮ್ಮ ಮನೆಯಲ್ಲಿ ಒಬ್ಬರಿಗೆ ಹುರುಳಿ ಕಟ್ಟಿನ ಸಾರು ಉಂಡರೆ ಹೊಟ್ಟೆ ಉಬ್ಬುತ್ತದೆ, ಅದೇ ಹುರುಳಿಯ ಪಲ್ಯ ತಿಂದರೆ ಏನೂ ಆಗುವುದಿಲ್ಲ. ಮೊದಲು ಇದನ್ನು ಬರಿಯ ಹಟವೆಂದು ತಿಳಿದಿದ್ದೆವು. ನಿಮಗೆ ನಾರು ಬೇಕು, ವಾಯು ಬೇಡ ಎಂದಾದರೆ ಕೆಲವು ದಿನ ಪಲ್ಯವನ್ನು ಹೆಚ್ಚು ಬಡಿಸಿಕೊಂಡು, ಮುದ್ದೆಗೆ ಮಸ್ಸೊಪ್ಪು ಮಾಡಿಸಿಕೊಂಡು ನೋಡಿ. ಕಟ್ಟನ್ನು ಶಾಶ್ವತವಾಗಿ ಬಿಡಿ ಎಂದು ನಾನು ಹೇಳಲಾರೆ. ಬಸ್ಸಾರೇ ಇಲ್ಲದ ಮನೆ ಮನೆಯೇ ಅಲ್ಲ.

ಹಿತಕಿದ ಬೇಳೆ ಇದಕ್ಕೆ ತಿರುಗುಮುರುಗು. ಸಿಪ್ಪೆ ಸುಲಿಯುವುದರಿಂದ ಕರಗದ ನಾರು ಬಹಳಷ್ಟು ಹೋಗುತ್ತದೆ. ಅದನ್ನು ರುಚಿಗೆ ತಿನ್ನಿ, ನಾರಿನ ಲೆಕ್ಕಕ್ಕೆ ಹಿಡಿಯಬೇಡಿ.

ಮೊಳಕೆ ಕಟ್ಟಿದರೆ ಆ ಸಕ್ಕರೆಗಳು ಕಡಿಮೆಯಾಗುತ್ತವೆಯೆಂದು ಓದಿದ್ದೇನೆ. ಆದರೂ ಹಸಿಯಾಗಿ ತಿನ್ನುವುದು ಬೇರೆ, ಬೇಯಿಸಿ ಇಂಗಿನ ಒಗ್ಗರಣೆ ಕೊಟ್ಟು ತಿನ್ನುವುದು ಬೇರೆ.

ಇನ್ನು ರಾಗಿ. ಮುದ್ದೆ ನುಣ್ಣಗೆ ಬರಲೆಂದು ಈಗ ಹಲವರು ಮಿಲ್ಲಿನಿಂದ ತಂದ ಹಿಟ್ಟನ್ನು ಸಣ್ಣ ಜರಡಿಯಲ್ಲಿ, ಕೆಲವರು ಬಟ್ಟೆಯಲ್ಲಿ ಸಹ ಜಾಲಿಸುತ್ತಾರೆ. ಜರಡಿಯಲ್ಲಿ ಉಳಿದ ತೌಡು ಕೋಳಿಗೆ ಹೋಗುತ್ತದೆ. ರಾಗಿಯ ನಾರಿನ ಹೆಚ್ಚಿನ ಭಾಗ ಅದರಲ್ಲೇ ಇರುವುದು. ಜಾಲಿಸದ ಹಿಟ್ಟಿನ ಮುದ್ದೆ ಸ್ವಲ್ಪ ಒರಟು, ಮೊದಲ ವಾರ ಗಂಟಲಿಗೆ ತಿಳಿಯುತ್ತದೆ, ಆಮೇಲೆ ತಿಳಿಯುವುದಿಲ್ಲ.

ರೈಲು ಪ್ರಯಾಣಿಕ, ತುಮಕೂರು (ಹತ್ತು ವಾರಗಳ ನಂತರ)

ಮೂವರಿಗೂ ವಂದನೆಗಳು. ನೋಟ್‌ಬುಕ್ ಅರ್ಧ ತುಂಬಿದೆ. ಕಂಡದ್ದನ್ನು ಕಂಡ ಹಾಗೆ ತಿಳಿಸುತ್ತೇನೆ.

ಮೊದಲ ಎರಡು ವಾರದಲ್ಲೇ ಒಂದು ಸಂಗತಿ ಎದ್ದು ಕಂಡಿತು. ಭಾನುವಾರ ಅಂಕಿ 3 ಅಥವಾ 4, ಬೇರೆ ದಿನ 1 ಅಥವಾ 2, ಇಲ್ಲವೇ ಏನೂ ಇಲ್ಲ. ಇದು ಮುದ್ದೆಯ ಪ್ರಭಾವವೇ ಸರಿ ಎಂದು ಹಿಗ್ಗಿ, ಮೂರನೆಯ ವಾರದಿಂದ ಪ್ರತಿ ರಾತ್ರಿ ಜಾಲಿಸದ ಹಿಟ್ಟಿನ ಮುದ್ದೆ ಉಂಡೆ. ಎರಡು ವಾರದಲ್ಲಿ ಅಂಕಿ ಕೇವಲ ಅರ್ಧ ಅಂಕದಷ್ಟು ಏರಿತು. ಆಗ ಹೊಳೆಯಿತು: ಭಾನುವಾರ ನಾನು ಮುದ್ದೆ ಉಣ್ಣುವುದು ಮಧ್ಯಾಹ್ನ, ಶೌಚಕ್ಕೆ ಹೋಗುವುದು ಅಂದೇ ಬೆಳಿಗ್ಗೆ ಕಾಫಿಯಾದ ಮೇಲೆ! ಮಧ್ಯಾಹ್ನದ ಮುದ್ದೆ ಅದೇ ಬೆಳಗಿನ ಕೆಲಸ ಮಾಡಲು ಹೇಗೆ ಸಾಧ್ಯ? ಭಾನುವಾರದ ಗುಟ್ಟು ಮುದ್ದೆಯಲ್ಲಿರಲಿಲ್ಲ, ಹಿಡಿಯಬೇಕಾದ ಗಾಡಿ ಇಲ್ಲದಿರುವುದರಲ್ಲಿತ್ತು.

ಹಾಗಾಗಿ ಮುದ್ದೆಯನ್ನು ಹಾಗೆಯೇ ಇಟ್ಟುಕೊಂಡು, ಮುಂದಿನ ಎರಡು ವಾರ ನಲವತ್ತು ನಿಮಿಷ ಮೊದಲೇ ಎದ್ದೆ. ಕಾಫಿಯ ಜೊತೆ ಎರಡು ಇಡ್ಲಿಯನ್ನೋ ಬಾಳೆಹಣ್ಣನ್ನೋ ತಿಂದು ಹತ್ತು ನಿಮಿಷ ಅವಸರವಿಲ್ಲದೆ ಕುಳಿತೆ. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಚಲಿಸುತ್ತದೆ ಎಂಬುದನ್ನು ಆಮೇಲೆ ಓದಿ ತಿಳಿದೆ. ಒಂಬತ್ತು ವರ್ಷ ಆ ಕರೆಯನ್ನು ನಾನು ರೈಲಿನಲ್ಲಿ ಅದುಮಿಟ್ಟಿದ್ದೆ. ವಾರಕ್ಕೆ ಎರಡು ಸಲ ಇದ್ದದ್ದು ಐದು ಸಲವಾಯಿತು. ಮೇಷ್ಟ್ರ ಮಾತಿನಂತೆ ಒಂದು ವಾರ ಹಳೆಯ ಹೊತ್ತಿಗೇ ಎದ್ದು ನೋಡಿದೆ. ಮೂರನೆಯ ದಿನಕ್ಕೇ ಹಳೆಯ ಸ್ಥಿತಿ ಮರಳಿತು. ನಿಲ್ಲಿಸಿ ನೋಡುವುದು ಶಾಸ್ತ್ರಕ್ಕೆ ಸರಿ, ಮನಸ್ಸಿಗೆ ಬಹಳ ಕಷ್ಟ.

ಅದರ ಮೇಲೆ ಇಸಬ್‌ಗೋಲ್ ಒಂದು ಚಮಚ ಸೇರಿಸಿದಾಗ ಅಂಕಿ 2ರಿಂದ 3ಕ್ಕೆ, ಕೆಲವು ದಿನ 4ಕ್ಕೆ ಬಂದಿತು, ಉಬ್ಬರ ಹೆಚ್ಚಲಿಲ್ಲ. ಕೊನೆಯ ವಾರ ಹುರುಳಿಯನ್ನು ಪರೀಕ್ಷಿಸಿದೆ. ಹಸಿ ಮೊಳಕೆ ತಿಂದ ಎರಡು ದಿನ ಉಬ್ಬರ 7 ಮತ್ತು 8. ನೆನೆಸಿದ ನೀರು ಚೆಲ್ಲಿ ಬೇಯಿಸಿ ಬಸಿದ ಪಲ್ಯಕ್ಕೆ 3. ಕಟ್ಟಿನ ಸಾರಿಗೆ 5. ಎರಡೆರಡು ದಿನದ ಲೆಕ್ಕವನ್ನು ಮೇಷ್ಟ್ರು ಒಪ್ಪುವುದಿಲ್ಲವೆಂದು ಗೊತ್ತು, ಇನ್ನೊಮ್ಮೆ ಮಾಡುತ್ತೇನೆ. ನವಣೆಯ ಪೊಟ್ಟಣ ಮೇಡಂ ಊಹಿಸಿದಂತೆ ಪಾಲಿಶ್ ಮಾಡಿದ್ದೇ ಆಗಿತ್ತು.

ಸೀಬೆ ಮತ್ತು ಅಗಸೆ ಇನ್ನೂ ಬಾಕಿ ಇವೆ. ಸೀಬೆಯನ್ನು ಒಂದರಿಂದ ಆರಂಭಿಸುವುದೇ, ಅರ್ಧದಿಂದಲೇ?

ನಿವೃತ್ತ ಮೇಷ್ಟ್ರು, ಮುಳಬಾಗಿಲು

ಅರ್ಧದಿಂದ. ಹುರುಳಿಯ ಲೆಕ್ಕವನ್ನು ಒಪ್ಪಿಲ್ಲ, ಆದರೆ ಭಾನುವಾರದ ಲೆಕ್ಕಕ್ಕೆ ಪೂರ್ಣ ಅಂಕ ಕೊಟ್ಟಿದ್ದೇನೆ.