ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಬದಲಿಸುವಾಗ ಫಿಲ್ಟರ್ ತೊಳೆದರೆ ಸಾಕೇ, ಹೊಸದೇ ಬೇಕೇ? ಮಾಡಿಸಿದವರು ಹೇಳಿ

ಹಳೆ ಸೆಡಾನ್:
ಆರು ಗೇರಿನ ಆಟೊಮ್ಯಾಟಿಕ್, 1,10,000 ಕಿ.ಮೀ. ಓಡಿದೆ. ಎಣ್ಣೆ ಒಮ್ಮೆಯೂ ಬದಲಾಗಿಲ್ಲ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಆರ್‌ಗೆ (ರಿವರ್ಸ್) ಹಾಕಿದರೆ ಒಂದೆರಡು ಕ್ಷಣ ಸುಮ್ಮನಿದ್ದು ಆಮೇಲೆ ಕಚ್ಚಿಕೊಳ್ಳುತ್ತದೆ. ಬಿಸಿಯಾದ ಮೇಲೆ ಸರಿ. "ಫಿಲ್ಟರ್ ಹೊಸದು ಬೇಡ, ಪೆಟ್ರೋಲಿನಲ್ಲಿ ಅದ್ದಿ ತೊಳೆದು ಹಾಕುತ್ತೇನೆ" ಎನ್ನುತ್ತಿದ್ದಾರೆ ಮೆಕ್ಯಾನಿಕ್. ಒಪ್ಪಲೇ?

ಎಣ್ಣೆಗೈ:
ಧಾರಾಳವಾಗಿ ಒಪ್ಪಿ. ನನ್ನ ಗಾಡಿ 2,60,000 ಕಿ.ಮೀ. ಮುಗಿಸಿದೆ, ಅದೇ ಫಿಲ್ಟರ್ ಮೂರು ಸಲ ತೊಳೆದಾಗಿದೆ. ಮೂರೂ ಸಲ ನಾನೇ ಗಾಡಿಯಡಿ ಮಲಗಿ ಮಾಡಿದ್ದು. ಲೋಹದ ಜಾಲರಿ; ಸೀಮೆಎಣ್ಣೆಯಲ್ಲಿ ಮೆತ್ತನೆಯ ಬ್ರಷ್ ಆಡಿಸಿ, ಬೆಳಕಿಗೆ ಹಿಡಿದು ನೋಡಿದರೆ ಒಂದೊಂದು ಕಣ್ಣೂ ಎಣಿಸುವಂತಿರುತ್ತದೆ. ಗೇರ್‌ಬಾಕ್ಸಿನ ತಳದಲ್ಲಿ ಎಣ್ಣೆ ನಿಲ್ಲುವ ಪ್ಯಾನಿನ ಆಯಸ್ಕಾಂತಗಳ ಮೇಲೆ ಕಾಡಿಗೆಯಂಥ ಬೂದುಬಣ್ಣದ ಲೇಪ ಇತ್ತು, ಒರೆಸಿದೆ. ಎರಡನೆಯ ಸಲ ಪ್ಯಾನಿನ ಒಂದು ಬೋಲ್ಟ್ ತುಂಡಾಗಿ, ಅದರ ಬುಡ ಕೊರೆದು ತೆಗೆಯಲು ಇಡೀ ಭಾನುವಾರ ಹೋಯಿತು. ಅದೊಂದೇ ನನ್ನ ನಷ್ಟ. ಹೊಸ ಫಿಲ್ಟರ್ ಎಂಬುದು ಮಾರುವವರ ಆಸೆ.

ಮೂರನೇ ಗೇರು:
ಇಂಥದೇ ಮಾತು ನಂಬಿ ನಾನು ಮುಳುಗಿದೆ. ನನ್ನ ಫಿಲ್ಟರ್ ಜಾಲರಿಯಲ್ಲ, ಎರಡು ಪ್ಲಾಸ್ಟಿಕ್ ಚಿಪ್ಪುಗಳ ನಡುವೆ ಫೆಲ್ಟ್ ಇಟ್ಟು ಅಂಟಿಸಿದ್ದು. ಒಳಗೇನಿದೆ ಎಂದು ಕಾಣುವುದೇ ಇಲ್ಲ. ಮೆಕ್ಯಾನಿಕ್ ಅದನ್ನು ಪೆಟ್ರೋಲಿನಲ್ಲಿ ಅಲುಗಾಡಿಸಿ, ಗಾಳಿ ಊದಿ, "ನೋಡಿ, ಪೆಟ್ರೋಲು ತಿಳಿಯಾಗಿಯೇ ಬರುತ್ತಿದೆ" ಎಂದು ತೋರಿಸಿದರು. ನಾನೂ ತಲೆದೂಗಿದೆ. 4.2 ಲೀಟರ್ ಹೊಸ ಎಣ್ಣೆ. ಒಂಬತ್ತನೆಯ ದಿನ ಕುಂಯ್ ಎಂಬ ಸದ್ದು ಶುರು, ವೇಗ ಹೆಚ್ಚಿಸಿದಂತೆ ಸದ್ದೂ ಏರುತ್ತಿತ್ತು. ಪಂಪಿಗೆ ಎಣ್ಣೆ ಸಾಲುತ್ತಿಲ್ಲ ಎಂದು ಆಗ ಗೊತ್ತಾಗಿ ಹೊಸ ಫಿಲ್ಟರ್ ಹಾಕಿಸಿದೆ; ಮತ್ತೆ 4.2 ಲೀಟರ್. ಅಷ್ಟರಲ್ಲಿ ಒತ್ತಡ ಕುಸಿದು ಕ್ಲಚ್ ಜಾರಿ ಜಾರಿ ಸುಟ್ಟಿತ್ತು, ಮೂರನೇ ಗೇರು ಹೋಯಿತು. ಗೇರ್‌ಬಾಕ್ಸ್ ಇಳಿಸಿ, ಕ್ಲಚ್ ಪ್ಲೇಟುಗಳೆಲ್ಲ ಹೊಸದು, ಕನ್ವರ್ಟರ್ (ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ, ಎಣ್ಣೆ ತುಂಬಿದ ಜೋಡಣೆ) ಖಾಲಿ ಮಾಡಿ 8.5 ಲೀಟರ್. ಒಟ್ಟು 16.9 ಲೀಟರ್, ಮೂರು ತಿಂಗಳ ಸಂಬಳ, 47 ದಿನ ಬಸ್ಸು. ಹಳೆಯ ಫಿಲ್ಟರನ್ನು ಗರಗಸದಿಂದ ಸೀಳಿಸಿ ನೋಡಿದೆ. ಫೆಲ್ಟಿನ ಮಡಿಕೆಗಳಲ್ಲಿ ಕಪ್ಪು ಪುಡಿ ಹಾಗೆಯೇ ಕೂತಿತ್ತು, ಬೆರಳಿಟ್ಟರೆ ಮರಳಿನಂತೆ ಚುಚ್ಚುತ್ತಿತ್ತು. ಅದು ಇಂದಿಗೂ ನನ್ನ ಮೇಜಿನ ಮೇಲಿದೆ.

ಎಣ್ಣೆಗೈ:
ಫೆಲ್ಟ್ ತೊಳೆಯಿರಿ ಎಂದು ನಾನು ಹೇಳಿದೆನೇ? ಜಾಲರಿ ಎಂದೆ. ಓದಿ.

ಮೂರನೇ ಗೇರು:
ಪ್ರಶ್ನೆ ಕೇಳಿದವರ ಗಾಡಿಯೊಳಗೆ ಜಾಲರಿಯೇ ಇದೆ ಎಂದು ನಿಮಗೆ ಕನಸು ಬಿತ್ತೇ? "ಧಾರಾಳವಾಗಿ ಒಪ್ಪಿ" ಎಂದವರು ನೀವೇ.

ಸುಮ್ಮನಿರುವವ:
ಇಬ್ಬರೂ ತಪ್ಪು. ಎಣ್ಣೆಯನ್ನೇ ಮುಟ್ಟಬಾರದು. 1,60,000 ಕಿ.ಮೀ.ವರೆಗೆ ನನ್ನ ಗಾಡಿ ತನ್ನ ಪಾಡಿಗೆ ಓಡುತ್ತಿತ್ತು. ಯಂತ್ರ ಜೋಡಿಸಿ ಹಳೆಯ ಎಣ್ಣೆಯನ್ನೆಲ್ಲ ತಳ್ಳಿಸಿದೆ, ಫಿಲ್ಟರೂ ಹೊಸದೇ ಹಾಕಿಸಿದೆ. 600 ಕಿ.ಮೀ. ಓಡಲಿಲ್ಲ, ಏರಿನಲ್ಲಿ ಎಂಜಿನ್ ಕಿರುಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಆ ಕಪ್ಪು ಎಣ್ಣೆಯೇ ಗೇರ್‌ಬಾಕ್ಸಿನ ಪ್ರಾಣ ಹಿಡಿದಿತ್ತು.

ಪಾನಾ ಪೆಟ್ಟಿಗೆ:
ಸ್ವಾಮೀ, ಚೆನ್ನಾಗಿ ಓಡುತ್ತಿದ್ದ ಗಾಡಿಗೆ ಅಷ್ಟೆಲ್ಲ ಮಾಡಿಸುವ ಮನಸ್ಸು ಏಕೆ ಬಂತು? ಮೊದಲೇ ಜಾರುತ್ತಿರಲಿಲ್ಲವೇ? ಕ್ಲಚ್ ಸವೆದ ಪುಡಿ ಎಣ್ಣೆಯಲ್ಲಿ ತೇಲುತ್ತಿದ್ದರೆ ಸಾಯುವ ಕ್ಲಚ್ಚೂ ಒಂದಿಷ್ಟು ದಿನ ಹಿಡಿದುಕೊಳ್ಳುತ್ತದೆ, ಅಷ್ಟೇ. ಹೊಸ ಎಣ್ಣೆ ಕೊಲ್ಲಲಿಲ್ಲ, ಮುಸುಕು ತೆಗೆಯಿತು. ಗೇರ್‌ಬಾಕ್ಸ್ ತಯಾರಿಸುವ ಝಡ್‌ಎಫ್‌ ಸಂಸ್ಥೆಯೇ ತನ್ನ ಆಟೊಮ್ಯಾಟಿಕ್‌ಗಳಿಗೆ 80,000ದಿಂದ 1,20,000 ಕಿ.ಮೀ. ಅಥವಾ 8 ವರ್ಷಕ್ಕೆ ಎಣ್ಣೆ ಬದಲಿಸಿ ಎನ್ನುತ್ತದೆ.

ಸುಮ್ಮನಿರುವವ:
ಸ್ವಲ್ಪ ಜಾರುತ್ತಿತ್ತು. ಸ್ವಲ್ಪ. ಬದಲಿಸಿದ ಮೇಲೆ ಪೂರ್ತಿ ಜಾರಿತು. ಇದಕ್ಕೆ ಮುಸುಕು ಗಿಸುಕು ಎಂದು ಪಾಠ ಬೇಡ.

ಪಾನಾ ಪೆಟ್ಟಿಗೆ:
ಪಾಠವಲ್ಲ, ನನ್ನದೂ ಪೆಟ್ಟು ತಿಂದ ಕಥೆಯೇ. ನಾನು ತೊಳೆಯಲಿಲ್ಲ, ಹೊಸ ಫಿಲ್ಟರ್ ತಂದೆ. ಹಳೆಯದನ್ನು ಎಳೆದಾಗ ಅದರ ಕುತ್ತಿಗೆಯ ಓ-ರಿಂಗ್ ಮೇಲಿನ ರಂಧ್ರದಲ್ಲೇ ಉಳಿದದ್ದು ಗೊತ್ತಾಗಲಿಲ್ಲ. ಕಪ್ಪು ರಬ್ಬರು, ಕಪ್ಪು ಎಣ್ಣೆ, ಕತ್ತಲು. ಹೊಸ ರಿಂಗನ್ನು ಅದರ ಮೇಲೇ ಒತ್ತಿದೆ, ಫಿಲ್ಟರ್ ಪೂರ್ತಿ ಕೂರಲಿಲ್ಲ. ಪಂಪು ಎಣ್ಣೆಯ ಜೊತೆ ಗಾಳಿಯನ್ನೂ ಎಳೆಯತೊಡಗಿತು. ಎಣ್ಣೆಯ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್ ಎಳೆದರೆ ತುದಿಯಲ್ಲಿ ಗುಲಾಬಿ ನೊರೆ. ಎಣ್ಣೆ ಕಡಿಮೆಯೇನೋ ಎಂದು ಅರ್ಧ ಲೀಟರ್ ಸುರಿದೆ, ನೊರೆ ಇನ್ನೂ ಹೆಚ್ಚಿತು. ಮೂರು ದಿನ ತಲೆ ಕೆಟ್ಟು ಕೊನೆಗೆ ಮತ್ತೆ ಬಿಚ್ಚಿದೆ. ಉಗುರು ಹಾಕಿದರೆ ರಿಂಗ್ ಬರಲಿಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಅಲ್ಯೂಮಿನಿಯಮ್ಮಿಗೆ ಗೀರು ಬೀಳುತ್ತದೆ, ಅಲ್ಲಿಂದ ಮತ್ತೆ ಗಾಳಿ. ಬಗ್ಗಿಸಿದ ತಂತಿಯಿಂದ ಒಂದೂವರೆ ಗಂಟೆ ಕೆದಕಿ ತೆಗೆದೆ. ಇನ್ನೊಂದು, ಪ್ಯಾನನ್ನು ಎಳೆ ಬಿಡುವ ಬಟ್ಟೆಯಿಂದ ಒರೆಸಬೇಡಿ. ಆ ನೂಲೆಲ್ಲ ವಾಲ್ವ್ ಬಾಡಿಯೊಳಕ್ಕೆ, ಅಂದರೆ ಗೇರ್ ಬದಲಿಸಲು ಎಣ್ಣೆ ಹರಿಸುವ ಸಣ್ಣ ಕಾಲುವೆಗಳಿಗೆ ಹೋಗುತ್ತದೆ.

ಎಣ್ಣೆಗೈ:
ನೋಡಿ! ಹೊಸ ಫಿಲ್ಟರ್ ಹಾಕಿದವರಿಗೇ ಮೂರು ದಿನದ ಕಾಟ. ಅಂದಹಾಗೆ ನಾನು ಗ್ಯಾಸ್ಕೆಟ್ ಕೂಡ ಹಾಕುವುದಿಲ್ಲ, ಸಿಲಿಕೋನ್ ಬಳಿಯುತ್ತೇನೆ. ಒಂದು ಹನಿ ಸೋರಿಲ್ಲ.

ಪಾನಾ ಪೆಟ್ಟಿಗೆ:
ಹೊರಗೆ ಸೋರಿಲ್ಲ, ಸರಿ. ಬಿಗಿದಾಗ ಒಳಕ್ಕೆ ಹಿಸುಕಿಕೊಂಡ ಸಿಲಿಕೋನ್ ಎಲ್ಲಿ ಹೋಯಿತು? ಕಿತ್ತು ಬಂದರೆ ನೇರವಾಗಿ ನೀವು ಮೂರು ಸಲ ತೊಳೆದ ಜಾಲರಿಯ ಬಾಯಿಗೇ. ಬೋಲ್ಟನ್ನೂ ಕೈಬಲದಿಂದಲೇ ಬಿಗಿಯುತ್ತೀರೆಂದು ಕಾಣುತ್ತದೆ. ಅವು ಸುಮಾರು 10 ನ್ಯೂಟನ್ ಮೀಟರಿನವು, ಚಕ್ರದ ನಟ್ಟುಗಳಲ್ಲ. ತುಂಡಾಗದೆ ಏನಾದೀತು.

ಎಣ್ಣೆಗೈ:
2,60,000 ಕಿ.ಮೀ. ನಿಮ್ಮದು ಎಷ್ಟು ಓಡಿದೆ?

ಕೆಂಪೆಣ್ಣೆ:
ಜಗಳದ ನಡುವೆ ಒಂದು ಮಾತು. 1970ರ ದಶಕದ ಆರಂಭದವರೆಗೂ ಅಮೆರಿಕದಲ್ಲಿ ಎಟಿಎಫ್‌ಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು, ಕ್ಲಚ್ ಹದವಾಗಿ ಹಿಡಿಯಲೆಂದು. ತಿಮಿಂಗಿಲಕ್ಕೆ ರಕ್ಷಣೆ ಸಿಕ್ಕ ಮೇಲೆ ಬೇರೆ ರಾಸಾಯನಿಕ ಬಂತು. ಕೆಂಪು ಬರೀ ಬಣ್ಣ, ಎಂಜಿನ್ ಎಣ್ಣೆಯಿಂದ ಗುರುತು ತಿಳಿಯಲಿ ಎಂದು ಹಾಕುವುದು.

ಮೂರನೇ ಗೇರು:
ತಿಮಿಂಗಿಲ ಕಟ್ಟಿಕೊಂಡು ನನಗೇನು? ನನ್ನ 16.9 ಲೀಟರಿನ ಲೆಕ್ಕ ಯಾರೂ ಓದಿದಂತಿಲ್ಲ.

ಸುಮ್ಮನಿರುವವ:
ಓದಿದೆ. ಮುಟ್ಟದೇ ಇದ್ದಿದ್ದರೆ ಒಂದು ಲೀಟರೂ ಆಗುತ್ತಿರಲಿಲ್ಲ.

ಹಳೆ ಸೆಡಾನ್:
ಎಲ್ಲರಿಗೂ ಧನ್ಯವಾದ. ಇವತ್ತು ಎದುರಿಗೇ ನಿಂತು ಪ್ಯಾನ್ ಬಿಚ್ಚಿಸಿದೆ. ಪ್ಲಾಸ್ಟಿಕ್ ಚಿಪ್ಪಿನದೇ, ಹೊಸದಕ್ಕೆ ಹೇಳಿದ್ದೇನೆ. ರಿಂಗ್ ಫಿಲ್ಟರಿನ ಜೊತೆಯಲ್ಲೇ ಬಂತು, ಬೆರಳು ಹಾಕಿ ನೋಡಿದೆ. ಆಯಸ್ಕಾಂತದ ಮೇಲೆ ಬೂದು ಲೇಪ ಇದೆ, ಚೂರುಗಳಿಲ್ಲ. ಇಳಿದದ್ದು 3.5 ಲೀಟರ್ ಮಾತ್ರ, ಉಳಿದದ್ದು ಕನ್ವರ್ಟರಿನಲ್ಲಿದೆಯಂತೆ. ಕೊನೆಯದೊಂದು: ಡಿಪ್‌ಸ್ಟಿಕ್ ನೋಡುವಾಗ ಎಂಜಿನ್ ಓಡುತ್ತಿರಬೇಕು ಎನ್ನುತ್ತಾರೆ. ಗೇರ್ ಪಿಯಲ್ಲಿರಬೇಕೇ (ಪಾರ್ಕ್), ಎನ್‌ನಲ್ಲೇ (ನ್ಯೂಟ್ರಲ್)?

ಎಣ್ಣೆಗೈ:
ಪಿ. ಇದರಲ್ಲಿ ಎರಡು ಮಾತೇ ಇಲ್ಲ.

ಮೂರನೇ ಗೇರು:
ನನ್ನ ಗಾಡಿಯ ಕೈಪಿಡಿಯಲ್ಲಿ ಎನ್ ಎಂದಿದೆ. ಮತ್ತೆ ಶುರು ಮಾಡಬೇಡಿ.